ದುಬೈಗೆ ಊದಿನಕಡ್ಡಿ: ಸೆಪಾ ಪ್ರಮಾಣಪತ್ರ ಮಾಡಿಸಿದರೆ ಲಾಭ ನಮಗೋ, ಗಿರಾಕಿಗೋ?

ಪ್ರಶ್ನೆ — ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು ಊದಿನಕಡ್ಡಿ ತಯಾರಿಸುವ ಸಣ್ಣ ಘಟಕ. ತಂದೆಯವರು ಕಟ್ಟಿದ್ದು. ಎರಡು ವರ್ಷದಿಂದ ಲೆಕ್ಕಪತ್ರ ಮತ್ತು ರಫ್ತಿನ ಕಾಗದಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಸಾದಾ ಬತ್ತಿಯೆಲ್ಲ ಈಗ ಯಂತ್ರದಲ್ಲಿ ಆಗುತ್ತದೆ. ಮಸಾಲೆ ಬತ್ತಿಯನ್ನು ಮಾತ್ರ ಹನ್ನೊಂದು ಜನ ಹೆಂಗಸರು ಇವತ್ತಿಗೂ ಮಣೆಯ ಮೇಲೆ ಕೈಯಲ್ಲೇ ಹೊಸೆಯುತ್ತಾರೆ.

ವರ್ಷಕ್ಕೆ ಮೂರು ಕಂಟೇನರ್ ದುಬೈಗೆ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ಒಬ್ಬರೇ ಗಿರಾಕಿ. ವಾಣಿಜ್ಯ ಮಂಡಳಿಯಿಂದ ಮೂಲ ಪ್ರಮಾಣಪತ್ರಕ್ಕೆ (ಸರಕು ಯಾವ ದೇಶದ್ದೆಂದು ಹೇಳುವ ಕಾಗದ) ಮುದ್ರೆ ಹಾಕಿಸಿ ಕಳುಹಿಸುವುದು ನಮ್ಮ ರೂಢಿ. ಈಗ ಶಾರ್ಜಾದಿಂದ ಹೊಸಬರೊಬ್ಬರು ವಿಚಾರಿಸುತ್ತಿದ್ದಾರೆ. ಅವರು ಮೊದಲ ಮೇಲ್‌ನಲ್ಲೇ ಕೇಳಿದ್ದು ಬೆಲೆಯನ್ನಲ್ಲ: "ಸೆಪಾ ಪ್ರಮಾಣಪತ್ರ ಕೊಡುತ್ತೀರಾ? ಅದಿದ್ದರೆ ನಮಗೆ ಸುಂಕವಿಲ್ಲ." ಸೆಪಾ ಎಂದರೆ ಭಾರತ ಮತ್ತು ಯುಎಇ ನಡುವಿನ, ಸುಂಕ ಇಳಿಸುವ ವ್ಯಾಪಾರ ಒಪ್ಪಂದ.

ತಂದೆಯವರು ಬೇಡವೆನ್ನುತ್ತಿದ್ದಾರೆ. "ಸುಂಕ ಕಟ್ಟುವವರು ಅವರು, ಉಳಿಯುವುದೂ ಅವರಿಗೇ. ನಾವು ಯಾಕೆ ಕಚೇರಿ ಅಲೆಯಬೇಕು? ನಾಳೆ ಲೆಕ್ಕ ಕೇಳಿದರೆ ತೋರಿಸುವವರು ಯಾರು?" ಎನ್ನುತ್ತಾರೆ. ಇನ್ನೊಂದು ಅಳುಕು ನನಗೇ ಇದೆ: ನಾವು ಬಳಸುವ ಬಿದಿರು ಕಡ್ಡಿ ಮತ್ತು ಜಿಗಟು ಪುಡಿ ವಿಯೆಟ್ನಾಂನಿಂದ ಬಂದವು, ಅತ್ತರಿನಲ್ಲೂ ಒಂದಷ್ಟು ಹೊರಗಿನದು. ಹೀಗಿರುವಾಗ "ಇದು ಭಾರತದ ಸರಕು" ಎಂದು ಸಹಿ ಹಾಕಿದರೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ?

ಒಂದು ಕಂಟೇನರಿನ ಎಫ್‌ಒಬಿ ಬೆಲೆ (ಹಡಗಿಗೆ ಏರಿಸುವವರೆಗಿನ ಬೆಲೆ) ಸುಮಾರು 18 ಲಕ್ಷ ರೂಪಾಯಿ. ಅನುಭವವಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1 — ಬೆಂಗಳೂರು, ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ 21 ವರ್ಷ

ನಿಮ್ಮ ತಂದೆಯವರ ಮಾತಿನ ಮೊದಲ ಅರ್ಧ ನೂರಕ್ಕೆ ನೂರು ಸರಿ. ಸುಂಕ ಉಳಿಯುವುದು ಆಮದು ಮಾಡಿಕೊಳ್ಳುವವರಿಗೆ. ಒಪ್ಪಂದವಾಯಿತೆಂದು ನಿಮ್ಮ ಬ್ಯಾಂಕ್ ಖಾತೆಗೆ ಯಾರೂ ಹಣ ಹಾಕುವುದಿಲ್ಲ. ಇದನ್ನು ಬಿಡಿಸಿ ಹೇಳದೆ "ರಫ್ತುದಾರರಿಗೆ ಶೇ 5 ಲಾಭ" ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಆದರೆ ಎರಡನೆಯ ಅರ್ಧವನ್ನು ನಾನು ಒಪ್ಪುವುದಿಲ್ಲ. ದುಬೈನ ಅಂಗಡಿಯ ಹಲಗೆಯ ಮೇಲೆ ನಿಮ್ಮ ಡಬ್ಬಿಯ ಪಕ್ಕದಲ್ಲಿರುವುದು ಯಾರ ಡಬ್ಬಿ? ಬೆಂಗಳೂರಿನದು, ಇಲ್ಲವೇ ನಿಮ್ಮ ಊರಿನ ಪಕ್ಕದ ಬೀದಿಯದು. ಅವರು ಪ್ರಮಾಣಪತ್ರ ಕೊಟ್ಟು ನೀವು ಕೊಡದಿದ್ದರೆ, ಬೆಲೆಪಟ್ಟಿಯಲ್ಲಿ ಇಬ್ಬರ ದರವೂ ಒಂದೇ ಇದ್ದರೂ ಗಿರಾಕಿಯ ಗೋದಾಮು ತಲುಪುವಾಗ ನಿಮ್ಮ ಸರಕು ದುಬಾರಿಯಾಗಿರುತ್ತದೆ. ಶಾರ್ಜಾದವರು ಬೆಲೆಗಿಂತ ಮೊದಲು ಪ್ರಮಾಣಪತ್ರ ಕೇಳಿದ್ದು ಇದೇ ಕಾರಣಕ್ಕೆ.

ಲೆಕ್ಕ ನೋಡಿ. ಯುಎಇಯಲ್ಲಿ ಸಾಮಾನ್ಯ ಆಮದು ಸುಂಕ ಶೇ 5. ಅದನ್ನು ಹಾಕುವುದು ಸಿಐಎಫ್ ಬೆಲೆಯ ಮೇಲೆ, ಅಂದರೆ ಹಡಗು ಬಾಡಿಗೆ ಮತ್ತು ವಿಮೆಯೂ ಸೇರಿದ ಬೆಲೆಯ ಮೇಲೆ. ನಿಮ್ಮ 18 ಲಕ್ಷಕ್ಕೆ ಹಡಗು ಬಾಡಿಗೆ ಮತ್ತು ವಿಮೆ ಒಂದು ಲಕ್ಷ ಎಂದಿಟ್ಟುಕೊಂಡರೆ 19 ಲಕ್ಷ, ಅದರ ಶೇ 5 ಎಂದರೆ 95,000 ರೂಪಾಯಿ. ಮೂರು ಕಂಟೇನರಿಗೆ 2,85,000. ಈ ಹಣವನ್ನು ಮೇಜಿನ ಮೇಲೆ ಇಟ್ಟುಕೊಂಡು ಮಾತನಾಡಬೇಕು. "ಪ್ರಮಾಣಪತ್ರ ಕೊಡುತ್ತೇವೆ, ಬೆಲೆಯಲ್ಲಿ ಶೇ 2 ಏರಿಸುತ್ತೇವೆ, ಆಗಲೂ ನಿಮಗೇ ಹೆಚ್ಚು ಉಳಿಯುತ್ತದೆ" ಎಂದು ಹೇಳುವ ಧೈರ್ಯ ಮಾಡಿ. ಹೊಸ ಗಿರಾಕಿಯ ಬಳಿ ಮೊದಲ ಆರ್ಡರಿನಲ್ಲೇ ಹೇಳಬೇಕು. ಆಮೇಲೆ ಏರಿಸುವುದು ಕಷ್ಟ. ಬೆಲೆ ಏರಿಸಲು ಒಪ್ಪದವರ ಬಳಿ ಪಾವತಿಯ ಗಡುವನ್ನು 90 ದಿನದಿಂದ 60ಕ್ಕೆ ಇಳಿಸಿಕೊಂಡವರನ್ನೂ ನೋಡಿದ್ದೇನೆ. ಸಣ್ಣ ಘಟಕಕ್ಕೆ ಅದೂ ಹಣವೇ.

ಈಗ ನಿಮ್ಮ ಅಳುಕಿನ ಮಾತು. ಅದು ಬಂದದ್ದೇ ಒಳ್ಳೆಯದು, ಏಕೆಂದರೆ ಎಷ್ಟೋ ಜನ ಯೋಚಿಸದೆ ಸಹಿ ಹಾಕುತ್ತಾರೆ. ಭಾರತದ ಸರಕು ಎನ್ನಿಸಿಕೊಳ್ಳಲು ಎಲ್ಲ ಕಚ್ಚಾವಸ್ತುವೂ ಇಲ್ಲಿಯದೇ ಆಗಿರಬೇಕಿಲ್ಲ. ಸರಕಿನ ಮೂಲ ದೇಶ ಯಾವುದೆಂದು ತೀರ್ಮಾನಿಸುವ ಒಪ್ಪಂದದ ನಿಯಮಗಳು ನೋಡುವುದು ಮುಖ್ಯವಾಗಿ ಎರಡನ್ನು: ಹೊರಗಿನಿಂದ ಬಂದ ವಸ್ತು ಇಲ್ಲಿ ಬೇರೆಯದೇ ವಸ್ತುವಾಗಿ ಬದಲಾಯಿತೇ, ಮತ್ತು ಇಲ್ಲಿ ಎಷ್ಟು ಮೌಲ್ಯ ಸೇರಿತು. ಹಲವು ಸರಕುಗಳಿಗೆ ಶೇ 40ರ ಮಟ್ಟದ ಮೌಲ್ಯವರ್ಧನೆ ಕೇಳುತ್ತಾರೆ. ನಿಮ್ಮ ಸರಕಿನ ಎಚ್‌ಎಸ್ ಸಂಖ್ಯೆ (ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆ) 3307.41. ಅದರ ಎದುರು ಏನು ಬರೆದಿದೆ ಎಂಬುದನ್ನು ಒಪ್ಪಂದದ ಅನುಬಂಧದಲ್ಲಿ ನೀವೇ ಓದಿಕೊಳ್ಳಿ. ಅದೇ ಸಂಖ್ಯೆಗೆ ಯುಎಇ ಕೊಟ್ಟಿರುವ ಸುಂಕ ಎಷ್ಟೆಂಬುದನ್ನೂ ನೋಡಿ. ಬ್ರೋಕರ್ ಹೇಳಿದರೆಂದು ನಂಬಬೇಡಿ, ನಾನು ಹೇಳಿದೆನೆಂದೂ ನಂಬಬೇಡಿ.

ಬಿದಿರು ಕಡ್ಡಿ ಬರುವುದು ಆ ಎಚ್‌ಎಸ್ ಪಟ್ಟಿಯ ಬೇರೆ ಅಧ್ಯಾಯದಲ್ಲಿ. ಇದ್ದಿಲು ಪುಡಿ, ಜಿಗಟು ಕಲಸಿ, ಕಡ್ಡಿಗೆ ಹೊಸೆದು, ಒಣಗಿಸಿ, ಅತ್ತರಿನಲ್ಲಿ ಅದ್ದಿ ತೆಗೆದಾಗ ಅದು 3307.41 ಆಗುತ್ತದೆ. ಬದಲಾವಣೆ ಕಣ್ಣಿಗೆ ಕಾಣುವಂಥದ್ದು. ಇನ್ನು ಮೌಲ್ಯ: ಒಂದು ಕಂಟೇನರಿಗೆ ಹೊರದೇಶದ ಕಡ್ಡಿ 2.1 ಲಕ್ಷ, ಜಿಗಟು 1.6 ಲಕ್ಷ, ಅತ್ತರಿನ ಹೊರಗಿನ ಭಾಗ 2.3 ಲಕ್ಷ ಎಂದು ಊಹಿಸೋಣ. ಒಟ್ಟು 6 ಲಕ್ಷ. 18ರಲ್ಲಿ 6 ಕಳೆದರೆ 12. ಅಂದರೆ ಸುಮಾರು ಶೇ 67. ನಿಮ್ಮ ನಿಜವಾದ ಅಂಕಿ ಹಾಕಿ ನೋಡಿ. ಅಸ್ಸಾಂ, ತ್ರಿಪುರದ ಬಿದಿರು ಕಡ್ಡಿಯಾದರೆ ಅದನ್ನು ಕಳೆಯುವುದೇ ಬೇಡ.

ಅಪಾಯವಿರುವುದು ಬೇರೆ ಕಡೆ. ಹೊರದೇಶದಲ್ಲಿ ಹೊಸೆದ ಕಚ್ಚಾ ಬತ್ತಿಯನ್ನು ತಂದು ಇಲ್ಲಿ ಅತ್ತರು ಅದ್ದಿ ಡಬ್ಬಿಗೆ ತುಂಬಿದರೆ, ಒಳಗೆ ಬಂದದ್ದೂ ಊದಿನಕಡ್ಡಿ, ಹೊರಗೆ ಹೋದದ್ದೂ ಊದಿನಕಡ್ಡಿ. ಅದನ್ನು ನಮ್ಮದೆನ್ನಲು ಆಗುವುದಿಲ್ಲ. 2019ರ ಆಗಸ್ಟ್‌ನಿಂದ ಅದರ ಆಮದಿಗೇ ನಿರ್ಬಂಧವಿದೆ. ನೀವು ಬೇರೆಯವರಿಂದ ಕಚ್ಚಾ ಬತ್ತಿ ಕೊಳ್ಳುವುದಿದ್ದರೆ, ಅದು ಎಲ್ಲಿ ತಯಾರಾಯಿತು ಎಂದು ಬರಹದಲ್ಲಿ ಪಡೆದುಕೊಳ್ಳಿ.

ಕೊನೆಯದಾಗಿ ವಾಣಿಜ್ಯ ಮಂಡಳಿಯ ಮುದ್ರೆ. ನೀವು ಹದಿನಾಲ್ಕು ವರ್ಷದಿಂದ ಕಳುಹಿಸುತ್ತಿರುವುದು ಆದ್ಯತೆಯಿಲ್ಲದ ಪ್ರಮಾಣಪತ್ರ. ಸರಕು ಭಾರತದ್ದು ಎಂದು ಅದು ಹೇಳುತ್ತದೆ, ಅಷ್ಟೇ. ಸುಂಕ ಇಳಿಸುವ ಶಕ್ತಿ ಅದಕ್ಕಿಲ್ಲ. ಸೆಪಾಗೆ ಬೇಕಾದದ್ದು ಆದ್ಯತಾ ಪ್ರಮಾಣಪತ್ರ. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಐಇಸಿ (ಆಮದು-ರಫ್ತುದಾರರ ನೋಂದಣಿ) ಸಂಖ್ಯೆ, ಡಿಜಿಟಲ್ ಸಹಿಯ ಟೋಕನ್, ಇನ್‌ವಾಯ್ಸ್, ವೆಚ್ಚದ ವಿವರ ಇದ್ದರೆ ಕುಳಿತಲ್ಲೇ ಮುಗಿಯುವ ಕೆಲಸ. ಒಪ್ಪಂದ ಜಾರಿಗೆ ಬಂದದ್ದು 2022ರ ಮೇ 1ರಂದು. ಅಂದಿನಿಂದ ನಿಮ್ಮ ಹಳೆಯ ಗಿರಾಕಿ ಸುಂಕ ಕಟ್ಟುತ್ತಲೇ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.

ಉತ್ತರ 2 — ಉಡುಪಿಯವನು, ಈಗ ದುಬೈನಲ್ಲಿ

ಬರ್ ದುಬೈನ ಒಂದು ಸಗಟು ವ್ಯಾಪಾರ ಸಂಸ್ಥೆಯಲ್ಲಿ ಆಮದು ಕಾಗದಗಳ ಕೆಲಸ ನನ್ನದು. ಮೇಲಿನವರು ಹೇಳಿದ್ದಕ್ಕೆ ಈ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಮೊದಲು ನಿಮ್ಮ ಹಳೆಯ ಗಿರಾಕಿ ಎಲ್ಲಿದ್ದಾರೆ ಎಂದು ತಿಳಿದುಕೊಳ್ಳಿ. ಅವರ ಗೋದಾಮು ಜೆಬೆಲ್ ಅಲಿ ಮುಕ್ತ ವಲಯದಲ್ಲಿದ್ದು, ಅಲ್ಲಿಂದಲೇ ಸರಕನ್ನು ಆಫ್ರಿಕಾಗೆ ಮರುರಫ್ತು ಮಾಡುತ್ತಿದ್ದರೆ ಅವರು ಶೇ 5 ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಸರಕು ವಲಯದಿಂದ ಯುಎಇ ಪೇಟೆಗೆ ಹೊರಬಂದಾಗ ಮಾತ್ರ ಸುಂಕ. ಅಂಥವರಿಗೆ ನಿಮ್ಮ ಪ್ರಮಾಣಪತ್ರದಿಂದ ಏನೂ ಉಳಿಯುವುದಿಲ್ಲ, ಬೆಲೆ ಏರಿಸಿ ಎಂದರೆ ಒಪ್ಪುವುದೂ ಇಲ್ಲ. ಒಪ್ಪಂದ ಬಂದ ಮೇಲೂ ಅವರು ಪ್ರಮಾಣಪತ್ರ ಕೇಳಿಲ್ಲವೆಂದರೆ ಕಾರಣ ಇದೇ ಇರಬಹುದು. ಶಾರ್ಜಾದವರು ಕೇಳುತ್ತಿರುವುದನ್ನು ನೋಡಿದರೆ ಅವರು ಇಲ್ಲಿಯ ಅಂಗಡಿಗಳಿಗೇ ಮಾರುವವರು.

ಇನ್ನೊಂದು: ಸುಂಕ ಹೋದರೂ ಶೇ 5 ವ್ಯಾಟ್ ಹೋಗುವುದಿಲ್ಲ. ಅದು 2018ರಿಂದ ಇರುವ ಬೇರೆ ತೆರಿಗೆ. "ಎಲ್ಲವೂ ಸೊನ್ನೆ ಎಂದಿರಿ, ಇದೇನು?" ಎಂದು ಗಿರಾಕಿ ಕೇಳುವಂತೆ ಮಾಡಬೇಡಿ. ಹಾಗೆಯೇ ಸೌದಿ ಮತ್ತು ಕುವೈತ್ ಈ ಒಪ್ಪಂದದಲ್ಲಿ ಇಲ್ಲ. ದುಬೈಗೆ ಕೊಟ್ಟ ಮಾತನ್ನು ಅಲ್ಲಿಯ ಗಿರಾಕಿಗೆ ಕೊಡಬೇಡಿ.

ಕಾಗದದ ವಿಷಯದಲ್ಲಿ ನಾನು ಅನುಭವಿಸಿದ್ದನ್ನು ಹೇಳಲೇಬೇಕು. ಊರಿನ ಕಡೆಯಿಂದಲೇ ಬಂದ ಒಂದು ಸರಕು. ಪ್ರಮಾಣಪತ್ರ ಸಿಕ್ಕ ಮೇಲೆ ಕಳುಹಿಸುವವರು ನಾಲ್ಕು ಪೆಟ್ಟಿಗೆ ಹೆಚ್ಚು ತುಂಬಿದರು, ಇನ್‌ವಾಯ್ಸ್ ಬದಲಿಸಿದರು, ಸಂಖ್ಯೆಯ ಕೊನೆಗೆ ಒಂದು 'ಎ' ಸೇರಿಸಿದರು. ಪ್ರಮಾಣಪತ್ರದಲ್ಲಿ ಹಳೆಯ ಸಂಖ್ಯೆಯೇ ಉಳಿಯಿತು. 212 ಪೆಟ್ಟಿಗೆ ಎಂದು ಒಂದು ಕಾಗದ, 216 ಎಂದು ಇನ್ನೊಂದು. ಇಲ್ಲಿ ಒಪ್ಪಲಿಲ್ಲ. ಸರಕು ಬಿಡಿಸಿಕೊಳ್ಳಲು ನಾವು ಪೂರ್ತಿ ಸುಂಕ ಕಟ್ಟಿದೆವು. ನಾಲ್ಕು ಪೆಟ್ಟಿಗೆಯ ಆಸೆಗೆ ಇಡೀ ಕಂಟೇನರಿನ ಲಾಭ ಹೋಯಿತು. ಅಂದಿನಿಂದ ಪ್ರಮಾಣಪತ್ರ, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಶಿಪ್ಪಿಂಗ್ ಬಿಲ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದದೆ ನಾನು ಹಡಗು ಹತ್ತಲು ಬಿಡುವುದಿಲ್ಲ. ನೀವೂ ಹಾಗೆಯೇ ಮಾಡಿ. ಅಲ್ಲಿ ಅರ್ಧ ಗಂಟೆಯ ಕೆಲಸ, ಇಲ್ಲಿ ಸಿಕ್ಕಿಬಿದ್ದರೆ ವಾರ.

ಉತ್ತರ 3 — ಬೆಂಗಳೂರು ನಗರ್ತಪೇಟೆ, ಬೆಳ್ಳಿ ಸಾಮಾನು

ಊದಿನಕಡ್ಡಿ ನನ್ನ ಕ್ಷೇತ್ರವಲ್ಲ. ಆದರೆ ಒಪ್ಪಂದದ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ ಎಂಬುದು ನೆನಪಿರಲಿ. ಯುಎಇಯಿಂದ ಬರುವ ಬೆಳ್ಳಿಗೆ ಇದೇ ಒಪ್ಪಂದದಡಿ ನಮ್ಮಲ್ಲಿ ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಬೇಕು. 2024ರ ಮೊದಲರ್ಧದಲ್ಲಿ ಬೇರೆ ದೇಶದ ಬೆಳ್ಳಿಗೆ ಶೇ 15, ಅಲ್ಲಿಯದಕ್ಕೆ ಶೇ 8 ಇತ್ತು. ಆ ವ್ಯತ್ಯಾಸವನ್ನೇ ನೆಚ್ಚಿಕೊಂಡು ಮುಂದಿನ ಖರೀದಿಗೆ ನಾನು ಯೋಜನೆ ಹಾಕಿದ್ದೆ. ಜುಲೈ ಬಜೆಟ್‌ನಲ್ಲಿ ಸಾಮಾನ್ಯ ಸುಂಕವೇ ಶೇ 6ಕ್ಕೆ ಇಳಿಯಿತು. ಒಪ್ಪಂದದ ದರಕ್ಕಿಂತ ಎಲ್ಲರಿಗೂ ಇರುವ ದರವೇ ಆಗ ಕಡಿಮೆಯಾಯಿತು! ನನ್ನ ಯೋಜನೆ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು.

ಆದ್ದರಿಂದ ಆ 2,85,000ವನ್ನು ನಂಬಿ ಹೊಸ ಯಂತ್ರಕ್ಕೆ ಸಾಲ ಮಾಡಬೇಡಿ. ಬಂದ ವರ್ಷ ಬಂತು ಎಂದು ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವಳಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ನಿನ್ನೆ ರಾತ್ರಿ ಊಟವಾದ ಮೇಲೆ ಇಲ್ಲಿಯ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಪಕ್ಕದ ಬೀದಿಯ ಡಬ್ಬಿಯ ಮಾತಿಗೆ ಅವರು ಸುಮ್ಮನಾದರು. ಆಮೇಲೆ ತಾವೇ ಎದ್ದು ಹೋಗಿ ಖರೀದಿ ಬಿಲ್ಲುಗಳ ಕಡತ ತಂದರು.

ನಮ್ಮ ನಿಜವಾದ ಅಂಕಿ ಹಾಕಿದಾಗ ಹೊರಗಿನ ವಸ್ತು 18 ಲಕ್ಷಕ್ಕೆ 6.7 ಲಕ್ಷ ಬಂತು. ಮೌಲ್ಯವರ್ಧನೆ ಶೇ 62 ದಾಟುತ್ತದೆ. ಕೈಯಲ್ಲಿ ಹೊಸೆಯುವ ಮಸಾಲೆ ಬತ್ತಿಯನ್ನು ಬೇರೆಯಾಗಿ ಲೆಕ್ಕ ಹಾಕಿದರೆ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಕೂಲಿಯೇ ದೊಡ್ಡ ಪಾಲು. ಆ ಹೆಂಗಸರ ಕೆಲಸ ಹೀಗೆ ಒಂದು ಅಂಕಿಯಾಗಿ ಕಾಗದದ ಮೇಲೆ ಕಂಡದ್ದು ನನಗೆ ಮೊದಲ ಸಲ.

ಹಳೆಯ ಗಿರಾಕಿಗೆ ಬೆಳಿಗ್ಗೆ ಫೋನ್ ಮಾಡಿದೆವು. ಉಡುಪಿಯ ಸರ್ ಹೇಳಿದ್ದೇ ಸರಿ: ಅವರ ಗೋದಾಮು ಮುಕ್ತ ವಲಯದಲ್ಲೇ ಇದೆ, ಸರಕು ಕೀನ್ಯಾ, ತಾಂಜಾನಿಯಾಗೆ ಹೋಗುತ್ತದೆ. ಅವರಿಗೆ ಹಳೆಯ ಕಾಗದವೇ ಸಾಕು.

ಶಾರ್ಜಾದವರಿಗೆ ಶೇ 2 ಸೇರಿಸಿ ದರ ಕಳುಹಿಸಿದ್ದೇನೆ. ಒಂದು ತೊಡಕು ಉಳಿದಿದೆ. ಕಡ್ಡಿ ಕೊಡುವ ವ್ಯಾಪಾರಿಯ ಕಳೆದ ಎರಡು ಬಿಲ್ಲಿನಲ್ಲಿ ಅದು ವಿಯೆಟ್ನಾಂನದೋ ಅಸ್ಸಾಮಿನದೋ ಎಂದು ಬರೆದೇ ಇಲ್ಲ. ಸೋಮವಾರ ತಂದೆಯವರೇ ಅವರ ಅಂಗಡಿಗೆ ಹೋಗಿ ಬರಹದಲ್ಲಿ ಪಡೆದು ಬರುತ್ತಾರಂತೆ. ಅದು ಕೈಗೆ ಬರುವವರೆಗೆ ಆ ಕಡ್ಡಿಯನ್ನೆಲ್ಲ ಹೊರದೇಶದ್ದೆಂದೇ ಲೆಕ್ಕದಲ್ಲಿ ಇಟ್ಟಿದ್ದೇನೆ.