ನಿಕಲ್ ತಗಡಿನ ಮೇಲೆ ಸಿಂಪಡಿಸಿದ ಅಲ್ಯೂಮಿನಿಯಂ 700 ಡಿಗ್ರಿಯಲ್ಲಿ ಹನಿಗಟ್ಟುವುದೇಕೆ?

ಪ್ರಶ್ನೆ:
ಕ್ಷಾರೀಯ ದ್ರಾವಣದಲ್ಲಿ ನೀರನ್ನು ವಿಭಜಿಸಲು ರೇನಿ ನಿಕಲ್ (ನಿಕಲ್-ಅಲ್ಯೂಮಿನಿಯಂ ಸಂಯುಕ್ತದಿಂದ ಅಲ್ಯೂಮಿನಿಯಂ ಅನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ತೆಗೆದಾಗ ಉಳಿಯುವ ರಂಧ್ರಮಯ ನಿಕಲ್) ಕ್ಯಾಥೋಡ್, ಅಂದರೆ ಋಣ ವಿದ್ಯುದ್ವಾರ, ತಯಾರಿಸುತ್ತಿದ್ದೇವೆ. ಗ್ರಿಟ್ ಬ್ಲಾಸ್ಟಿಂಗ್ ಮಾಡಿದ (ಗಡಸು ಕಣಗಳನ್ನು ರಭಸವಾಗಿ ಎರಚಿ ಒರಟಾಗಿಸಿದ) ನಿಕಲ್ ತಗಡಿಗೆ ಆರ್ಕ್ ಸ್ಪ್ರೇಯಿಂದ (ವಿದ್ಯುತ್ ಕಿಡಿಯಲ್ಲಿ ಕರಗಿಸಿ ಸಿಂಪಡಿಸುವ ವಿಧಾನದಿಂದ) ಸುಮಾರು 100 ಮೈಕ್ರಾನ್ ಅಲ್ಯೂಮಿನಿಯಂ ಲೇಪಿಸಿ, ಆರ್ಗಾನ್ ತುಂಬಿದ ಕುಲುಮೆಯಲ್ಲಿ 700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ನಡುಭಾಗದಲ್ಲಿ ಬೂದುಬಣ್ಣದ ಗಡಸು ಪದರ ಮೂಡುತ್ತದೆ; ಅಂಚುಗಳಲ್ಲಿ ಮಾತ್ರ ಲೋಹವು ಹನಿಗಟ್ಟಿ ಇಳಿಯುತ್ತದೆ. ಶಾಖವನ್ನು ತಗ್ಗಿಸಬೇಕೇ, ಕಾಯಿಸುವ ಅವಧಿಯನ್ನೇ?

ಉತ್ತರ 1:
ಶಾಖವನ್ನು ತಗ್ಗಿಸಿ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಾದರೂ, ತೂಕದಲ್ಲಿ ಶೇ. 6ರಷ್ಟು ನಿಕಲ್ ಬೆರೆತರೆ ಸುಮಾರು 640ರಲ್ಲೇ ದ್ರವವಾಗುತ್ತದೆ. ಇದಲ್ಲದೆ ಇವೆರಡರ ಸಂಯೋಗವೇ ಶಾಖವನ್ನು ಹೊರಸೂಸುವುದರಿಂದ, ಲೇಪನದ ಉಷ್ಣತೆ ಕುಲುಮೆಯ ಥರ್ಮೋಕಪಲ್ (ಉಷ್ಣತೆ ಅಳೆಯುವ ಸಾಧನ) ತೋರಿಸುವುದಕ್ಕಿಂತ ಹೆಚ್ಚಿರಬಹುದು. 600ರಿಂದ 620 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಘನಸ್ಥಿತಿಯಲ್ಲೇ ವಿಸರಣ (ಪರಮಾಣುಗಳು ಒಂದರೊಳಗೊಂದು ಹರಡುವುದು) ನಡೆದು ಅಲ್ಯೂಮಿನಿಯಂ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಮೂರು ಅಲ್ಯೂಮಿನಿಯಂಗೆ ಒಂದು ನಿಕಲ್ ಇರುವ ಸಂಯುಕ್ತ 854 ಡಿಗ್ರಿಯವರೆಗೂ, ಮೂರಕ್ಕೆ ಎರಡು ಇರುವುದು 1133ರವರೆಗೂ ಘನವಾಗಿಯೇ ಉಳಿಯುವುದರಿಂದ, ಬಿಡಿ ಅಲ್ಯೂಮಿನಿಯಂ ತೀರಿದ ಬಳಿಕ 700ಕ್ಕೆ ಏರಿಸಿದರೂ ಏನೂ ಹರಿಯದು.

ಉತ್ತರ 2:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಅವಧಿಯ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಬಿಡಲಾಗದು. ಕಾಸ್ಟಿಕ್ ಸೋಡಾದಲ್ಲಿ 3:1 ಸಂಯುಕ್ತದ ಅಲ್ಯೂಮಿನಿಯಂ ಬೇಗ ಕರಗಿ ಹೋಗುತ್ತದೆ, 3:2ರದ್ದು ನಿಧಾನವಾಗಿ. ಸಮಪ್ರಮಾಣದ 1:1 ಸಂಯುಕ್ತದಿಂದ ಹೊರಬರುವುದು ಅತ್ಯಲ್ಪ. ಆದ್ದರಿಂದ ಅತಿಯಾಗಿ ಕಾಯಿಸಿದ ಪದರ ನೋಡಲು ಅಚ್ಚುಕಟ್ಟಾಗಿದ್ದರೂ ಕ್ಯಾಥೋಡಿಗೆ ನಿಷ್ಪ್ರಯೋಜಕ. ತಗಡಿನ ದಪ್ಪವನ್ನೂ ಲೆಕ್ಕ ಹಾಕಿ: ಲೇಪನದೊಳಗಿನ ರಂಧ್ರಗಳನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ, 100 ಮೈಕ್ರಾನ್ ಅಲ್ಯೂಮಿನಿಯಂ ಪೂರ್ತಿ 3:1 ಆಗಲು ಸುಮಾರು 22 ಮೈಕ್ರಾನ್, 3:2 ಆಗಲು ಸುಮಾರು 44 ಮೈಕ್ರಾನ್ ನಿಕಲ್ ಬೇಕು. ತೆಳು ಜಾಲರಿಯಾದರೆ ತಂತಿಯ ಗಟ್ಟಿತನವೇ ಹೋಗುತ್ತದೆ. ಪ್ರತಿ ಸಲ ಒಂದು ತುಣುಕನ್ನು ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ಪದರಗಳನ್ನು ಅಳೆಯಿರಿ. ಮೇಲ್ಮೈಯ ಬಣ್ಣವನ್ನು ನೋಡಿ ಒಳಗಿನದನ್ನು ಊಹಿಸಲಾಗದು. ಈ ಸಂಯುಕ್ತಗಳು ಸುಲಭವಾಗಿ ಬಿರುಕು ಬಿಡುವುದರಿಂದ ಕುಲುಮೆಯಿಂದ ತೆಗೆದು ನೀರಿಗೆ ಅದ್ದದೆ ಒಳಗೇ ನಿಧಾನವಾಗಿ ತಣಿಸಬೇಕು, ಇಲ್ಲವಾದರೆ ಪದರ ಸೀಳುತ್ತದೆ.

ಪ್ರಶ್ನೆ ಕೇಳಿದವರು:
ನಮ್ಮ ತಗಡು 500 ಮೈಕ್ರಾನ್ ದಪ್ಪವಿದೆ, ಆ ಚಿಂತೆಯಿಲ್ಲ. ಮೊದಲು 610ರಲ್ಲಿ ಇಟ್ಟು ಅಡ್ಡಕೊಯ್ತ ನೋಡುತ್ತೇವೆ.

ಉತ್ತರ 3:
ಕಾಸ್ಟಿಕ್ ಹಂತದಲ್ಲಿ ಹೈಡ್ರೋಜನ್ ಧಾರಾಳವಾಗಿ ಹೊಮ್ಮುತ್ತದೆ. ಗಾಳಿಯಾಡುವ ಫ್ಯೂಮ್ ಹುಡ್‌ನಲ್ಲೇ, ಕಿಡಿಯಿಂದ ದೂರವಿಟ್ಟು ಮಾಡಿ. ತೊಳೆದ ತಗಡನ್ನು ಒಣಗಲು ಬಿಡಬೇಡಿ. ರಂಧ್ರಮಯ ನಿಕಲ್ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಬಳಸುವವರೆಗೂ ನೀರಿನಲ್ಲಿ ಮುಳುಗಿಸಿಡಿ.