ಮಗ್ಗದ ಶೆಡ್ಡಿನಲ್ಲಿ ಮೊದಲ ಸರ್ಫ್‌ಬೋರ್ಡ್: ಯಾವ ಫೋಮ್, ಯಾವ ರೆಸಿನ್?

ವಡಗಾವಿ_ಮಗ್ಗ:
ನಮಸ್ಕಾರ, ನಾನು ಬೆಳಗಾವಿಯ ವಡಗಾವಿಯವನು. ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ ಎರಡು ಮಗ್ಗ ತೆಗೆಸಿದ ಮೇಲೆ ಉದ್ದಕ್ಕೆ ಜಾಗ ಖಾಲಿ ಬಿದ್ದಿದೆ. ಅಲ್ಲಿ ಒಂದು ಸರ್ಫ್‌ಬೋರ್ಡ್ ಮಾಡೋಣ ಅಂತ ಹುಚ್ಚು ಹತ್ತಿದೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದಾಗೆಲ್ಲ ಬಾಡಿಗೆ ಬೋರ್ಡೇ ಗತಿ. ಅಲೆಯ ಮೇಲೆ ಬೋರ್ಡಿನಲ್ಲಿ ಎದ್ದು ನಿಲ್ಲಲು ಬರುತ್ತದೆ, ತಿರುಗಿಸಲು ಇನ್ನೂ ಸರಿಯಾಗಿ ಬರುವುದಿಲ್ಲ. ತೂಕ 75 ಕೆಜಿ. ಏಳೂವರೆ ಅಡಿ ಉದ್ದ, 22 ಇಂಚು ಅಗಲ, 3 ಇಂಚು ದಪ್ಪ ಅಂತ ಅಂದುಕೊಂಡಿದ್ದೇನೆ.

ಪ್ಯಾಕಿಂಗ್‌ಗೆ ಬರುವ 3 ಇಂಚಿನ ಥರ್ಮಾಕೋಲ್ ಶೀಟುಗಳನ್ನು ಅಂಟಿಸಿ ಉದ್ದ ಮಾಡಬಹುದಾ? ಉದ್ಯಮಬಾಗದಲ್ಲಿ ಫೈಬರ್ ಕೆಲಸ ಮಾಡುವ ಪರಿಚಯದವರು ಪಾಲಿಯೆಸ್ಟರ್ ರೆಸಿನ್ನು (ಗಟ್ಟಿಯಾಗುವ ಅಂಟು ದ್ರವ), ಗ್ಲಾಸ್ ಎಳೆಗಳ ಮ್ಯಾಟು ಎರಡನ್ನೂ ಕಡಿಮೆ ರೇಟಿಗೆ ಕೊಡುತ್ತೇನೆ ಅಂದಿದ್ದಾರೆ. ಈಗ ಮಳೆಗಾಲ, ಕೆಲಸವೂ ಕಡಿಮೆ. ಅಕ್ಟೋಬರ್ ಹೊತ್ತಿಗೆ ನೀರಿಗೆ ಇಳಿಸಬೇಕು.

ಫೌಂಡ್ರಿ_ಹುಡುಗ:
ಸ್ವಲ್ಪ ತಡೀರಿ. ಆ ರೆಸಿನ್ ತರುವ ಮೊದಲು ಒಂದು ಚಮಚ ಮಾತ್ರ ಕೇಳಿ ತಂದು ಥರ್ಮಾಕೋಲ್ ತುಂಡಿನ ಮೇಲೆ ಹಾಕಿ ನೋಡಿ. ನೋಡುತ್ತಿದ್ದ ಹಾಗೇ ತುಂಡು ಕರಗಿ ಕುಳಿ ಬೀಳುತ್ತದೆ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮಾಕೋಲ್ ಅನ್ನು ತಿಂದುಹಾಕುತ್ತದೆ. ಥರ್ಮಾಕೋಲ್ ಮೇಲೆ ಹಚ್ಚುವುದಾದರೆ ಎಪಾಕ್ಸಿ ರೆಸಿನ್ ಮಾತ್ರ. ಪಾಲಿಯೆಸ್ಟರೇ ಬೇಕು ಅಂದರೆ ಪಿಯು (ಪಾಲಿಯುರೆಥೇನ್) ಫೋಮಿನ ಬ್ಲಾಂಕ್, ಅಂದರೆ ಬೋರ್ಡಿಗಾಗಿಯೇ ಮಾಡಿದ ಕಚ್ಚಾ ತುಂಡು ತರಿಸಬೇಕು, ನಮ್ಮೂರಿಗೆ ಅಷ್ಟುದ್ದದ್ದನ್ನು ಮುರಿಯದ ಹಾಗೆ ತರಿಸುವುದೇ ಒಂದು ದೊಡ್ಡ ತಲೆನೋವು.

ಮ್ಯಾಟು ಕೂಡ ಬೇಡ. ಅದು ನೀರಿನ ಟ್ಯಾಂಕಿಗೆ, ಬಸ್ಸಿನ ಬಾಡಿ ಕಟ್ಟುವುದಕ್ಕೆ ಸರಿ. ಸಿಕ್ಕಾಪಟ್ಟೆ ರೆಸಿನ್ ಕುಡಿಯುತ್ತದೆ, ಬೋರ್ಡು ಭಾರ ಆಗುತ್ತದೆ. ಜೊತೆಗೆ ಸಾಮಾನ್ಯ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನ್‌ನಲ್ಲಿ ಕರಗಲಿ ಅಂತಲೇ ಮಾಡಿದ್ದು, ಎಪಾಕ್ಸಿಯಲ್ಲಿ ಅದು ಸರಿಯಾಗಿ ನೆನೆಯುವುದಿಲ್ಲ. ನಿಮಗೆ ಬೇಕಾದದ್ದು ನೇಯ್ದ ಗ್ಲಾಸ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂ ಬರುವಂಥದ್ದು. ಮೇಲೆ ಎರಡು ಪದರ, ಕೆಳಗೆ ಒಂದು. ಎಪಾಕ್ಸಿ ಹಾರ್ಡ್‌ನರ್ (ಗಟ್ಟಿ ಮಾಡುವ ದ್ರವ) ಸೇರಿ 2 ಕೆಜಿ ತಂದರೆ ಸಾಕು.

ಶೀಟಿನ ವಿಷಯ. ಬೋರ್ಡು 3 ಇಂಚು ದಪ್ಪ ಅಂತ 3 ಇಂಚಿನ ಶೀಟು ತಂದರೆ ಬೋರ್ಡು ಹಲಗೆಯ ಹಾಗೆ ನೆಟ್ಟಗೆ ಆಗುತ್ತದೆ. ಮೂತಿ ಮೇಲಕ್ಕೆ ಬಾಗಿರಬೇಕಲ್ವಾ? ನಿಮ್ಮ ಸೈಜಿಗೆ ಮೂತಿ ನಾಲ್ಕೂವರೆ ಇಂಚು, ಬಾಲ ಎರಡು ಎರಡೂವರೆ ಇಂಚು ಎದ್ದಿರಲಿ. ಆ ಬಾಗು ಬ್ಲಾಕಿನೊಳಗೆ ಕೂರಬೇಕು ಅಂದರೆ 7 ಇಂಚು ದಪ್ಪದ ಒಂದೇ ಬ್ಲಾಕ್ ಬೇಕು. ಸಣ್ಣ ಶೀಟು ಅಂಟಿಸಿದರೆ ಇನ್ನೊಂದು ತೊಂದರೆ: ಅಂಟು ಗಟ್ಟಿ, ಫೋಮ್ ಮೆತ್ತಗೆ. ಉಜ್ಜುವಾಗ ಅಂಟಿನ ಗೆರೆ ಎದ್ದು ನಿಲ್ಲುತ್ತದೆ, ಅಕ್ಕಪಕ್ಕ ಗುಂಡಿ ಬೀಳುತ್ತದೆ. ದೊಡ್ಡ ಕಾಸ್ಟಿಂಗ್‌ಗೆ ಥರ್ಮಾಕೋಲ್ ಪ್ಯಾಟರ್ನ್ ಮಾಡುವವರನ್ನು ಕೇಳಿ, ಅವರು ಬ್ಲಾಕ್ ಎಲ್ಲಿಂದ ತರಿಸುತ್ತಾರೆ ಅಂತ. ಸಾಂದ್ರತೆ ಘನ ಮೀಟರಿಗೆ 24 ಕೆಜಿ ಹತ್ತಿರ ಇರಲಿ. ಟಿವಿ ಡಬ್ಬಿಯಲ್ಲಿ ಬರುವ ಹಗುರ ಮಾಲು ಬೆರಳೊತ್ತಿದರೆ ತಗ್ಗುತ್ತದೆ, ಅದರ ಮೇಲೆ ಹಿಮ್ಮಡಿ ಇಟ್ಟರೆ ಕೇಳಲೇಬೇಡಿ.

ಉಪ್ಪುನೀರು:
ಬ್ಲಾಕ್ ಕತ್ತರಿಸಲು ಗಣಪತಿ ಮಂಟಪ ಮಾಡುವವರ ಹತ್ತಿರ ಹೋಗಿ, ಕಾಯಿಸಿದ ನೈಕ್ರೋಮ್ ತಂತಿಯಲ್ಲಿ ಬೆಣ್ಣೆಯ ಹಾಗೆ ಕತ್ತರಿಸುತ್ತಾರೆ. ಚೌತಿ ಹತ್ತಿರ ಬಂದರೆ ಮಾತ್ರ ನಿಮ್ಮ ಕಡೆ ತಿರುಗಿಯೂ ನೋಡಲ್ಲ, ಬೇಗ ಹೋಗಿ. ಪಕ್ಕದಿಂದ ನೋಡಿದಾಗ ಬೋರ್ಡಿನ ಬಾಗು ಹೇಗಿರಬೇಕೋ ಹಾಗೆ ಪ್ಲೈವುಡ್‌ನಲ್ಲಿ ಎರಡು ಟೆಂಪ್ಲೇಟ್ ಮಾಡಿ, ಬ್ಲಾಕಿನ ಎರಡೂ ಪಕ್ಕಕ್ಕೆ ಸಿಕ್ಕಿಸಿ, ಅದರ ಮೇಲೆ ತಂತಿ ಎಳೆಯುವುದು. ಎರಡೂ ಕಡೆ ಒಂದೇ ವೇಗದಲ್ಲಿ ಎಳೆಯಬೇಕು, ಒಬ್ಬರು ಮುಂದಾದರೆ ಫೋಮ್ ಅಡ್ಡಡ್ಡ ಗೀರುತ್ತದೆ.

ಆಮೇಲೆ ನಡುವೆ ಉದ್ದಕ್ಕೆ ಸೀಳಿ 4 ಮಿಮೀ ಪ್ಲೈ ಪಟ್ಟಿ ಅಂಟಿಸಿ. ಅದೇ ಸ್ಟ್ರಿಂಗರ್, ಬೋರ್ಡಿನ ಬೆನ್ನೆಲುಬು. ಮೇಲಿಂದ ನೋಡಿದಾಗ ಕಾಣುವ ಅರ್ಧ ಆಕಾರದ ಒಂದೇ ಟೆಂಪ್ಲೇಟ್ ಇಟ್ಟು ಎರಡೂ ಕಡೆ ಗೆರೆ ಹಾಕಿ, ಆಗ ಎಡಬಲ ಒಂದೇ ಇರುತ್ತದೆ.

ಶೇಪಿಂಗ್‌ನಲ್ಲಿ, ಅಂದರೆ ಉಜ್ಜಿ ಆಕಾರ ಕೊಡುವಾಗ, ಎಲ್ಲಕ್ಕಿಂತ ಮುಖ್ಯ ಬೆಳಕು. ಮೇಲಿನ ಟ್ಯೂಬ್‌ಲೈಟ್ ಆರಿಸಿ, ಬೋರ್ಡಿನ ಎತ್ತರಕ್ಕೆ ಎರಡೂ ಪಕ್ಕ ಒಂದೊಂದು ಟ್ಯೂಬ್ ಇಡಿ. ಮೇಲಿಂದ ಬೆಳಕು ಬಿದ್ದರೆ ಎಲ್ಲ ನುಣ್ಣಗೇ ಕಾಣುತ್ತದೆ. ಪಕ್ಕದಿಂದ ಬಿದ್ದಾಗ ಕೈಗೂ ಸಿಗದ ಉಬ್ಬು ತಗ್ಗು ನೆರಳಾಗಿ ಎದ್ದು ಬರುತ್ತದೆ. ಸರ್ಫಾರ್ಮ್ (ತುರಿಮಣೆಯಂಥ ಉಜ್ಜುವ ಉಪಕರಣ) ಅಥವಾ ಉದ್ದ ಮರಳುಕಾಗದದ ಹಲಗೆ ಹಿಡಿದು ಮೂತಿಯಿಂದ ಬಾಲದವರೆಗೆ ಒಂದೇ ಎಳೆತ ಎಳೆಯಿರಿ. ಒಂದೇ ಕಡೆ ನಿಂತು ಉಜ್ಜಿದರೆ ಗುಂಡಿ ಗ್ಯಾರಂಟಿ. ಅಂಚನ್ನು ಮೊದಲು ಓರೆಯಾಗಿ ಪಟ್ಟಿ ಪಟ್ಟಿ ತೆಗೆದು, ಆಮೇಲೆ ಆ ಮೂಲೆಗಳನ್ನು ದುಂಡು ಮಾಡಿ. ಮುಂದೆ ದುಂಡಗಿರಲಿ, ಹಿಂದಿನ ಒಂದು ಅಡಿಯಲ್ಲಿ ಕೆಳಗಿನ ಅಂಚು ಚೂಪಾಗಿರಲಿ, ನೀರು ಅಲ್ಲಿ ಬಿಟ್ಟುಹೋಗಬೇಕು.

ವಡಗಾವಿ_ಮಗ್ಗ:
ಇಬ್ಬರಿಗೂ ಥ್ಯಾಂಕ್ಸ್. ಪಾಲಿಯೆಸ್ಟರ್ ಕ್ಯಾನ್ಸಲ್. ಎರಡು ಪ್ರಶ್ನೆ ಉಳಿದಿವೆ. ಪಕ್ಕದಲ್ಲಿ ಇನ್ನೂ ಮಗ್ಗ ಓಡುತ್ತಿವೆ, ನೂಲಿನ ಧೂಳು ಇದ್ದೇ ಇದೆ, ಅದಕ್ಕೆ ಏನು ಮಾಡಲಿ? ಮತ್ತೆ ಈ ಮಳೆಯಲ್ಲಿ ಗ್ಲಾಸಿಂಗ್, ಅಂದರೆ ಬಟ್ಟೆ ಹಾಸಿ ರೆಸಿನ್ ಹಚ್ಚುವ ಕೆಲಸ, ಮಾಡಬಹುದಾ?

ಘಟ್ಟ_ಇಳಿದವ:
ಮಳೆಯಲ್ಲಿ ಬೇಡ್ರಿ. ಶೇಪಿಂಗ್ ಈಗ ಮಾಡಿ, ಗ್ಲಾಸಿಂಗ್ ಮಳೆ ಹೋದ ಮೇಲೆ. ಬೆಳಗಾವಿ ಜುಲೈ ಅಂದರೆ ಗೋಡೆಯೇ ಒದ್ದೆ. ತೇವದಲ್ಲಿ ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ನೀರಲ್ಲಿ ತೊಳೆಯದೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ. ಹಾಗಂತ ಚಳಿಗಾಲದ ರಾತ್ರಿಯೂ ಬೇಡ, ರೆಸಿನ್ ಗಟ್ಟಿಯಾಗಲ್ಲ. ಅಕ್ಟೋಬರ್ ಕೊನೆ ಸರಿಯಾದ ಕಾಲ.

ಹೊತ್ತು ಕೂಡ ನೋಡಬೇಕು. ನಿಮ್ಮದು ತಗಡಿನ ಶೆಡ್ ಇರಬೇಕು. ಬೆಳಗ್ಗೆ ಶುರು ಮಾಡಿದರೆ ಬಿಸಿಲೇರಿದ ಹಾಗೆ ಥರ್ಮಾಕೋಲ್ ಒಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್ ಒಳಗಿಂದ ಗುಳ್ಳೆ ಏಳುತ್ತದೆ. ಸಂಜೆ ಸೆಖೆ ಇಳಿಯುವಾಗ ಹಚ್ಚಿ, ಆಗ ಫೋಮ್ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅವತ್ತು ಮಗ್ಗ ನಿಲ್ಲಿಸಿ, ಫ್ಯಾನ್ ಹಾಕಬೇಡಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ನೆಲ ಆರಿದ ಮೇಲೆ ಕೈ ಹಾಕಿ. ಹತ್ತಿಯ ಒಂದು ಎಳೆ ರೆಸಿನ್ ಒಳಗೆ ಸಿಕ್ಕಿದರೂ ಬೋರ್ಡ್ ಇರುವ ತನಕ ಕಾಣುತ್ತದೆ.

ನೀವು ನೇಕಾರರು, ಬಟ್ಟೆ ಹಾಸುವುದು ಹೇಳಿಕೊಡಬೇಕಾಗಿಲ್ಲ. ಹಾಸಿನ ಎಳೆ ಬೋರ್ಡಿನ ಉದ್ದಕ್ಕೆ ಬರಲಿ, ಓರೆ ಎಳೆಯಬೇಡಿ. ಅಂಚಿನಿಂದ 2 ಇಂಚು ಹೆಚ್ಚು ಬಿಟ್ಟು ಕತ್ತರಿಸಿ ಮಡಚಿ. ಎಪಾಕ್ಸಿಯನ್ನು ಡಿಜಿಟಲ್ ತಕ್ಕಡಿಯಲ್ಲೇ ತೂಗಿ, ಡಬ್ಬಿ ಮೇಲೆ ಬರೆದ ಅನುಪಾತ ಬಿಟ್ಟು ಒಂದಿಷ್ಟೂ ಆಚೀಚೆ ಮಾಡಬೇಡಿ, ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ಪಾಲಿಯೆಸ್ಟರ್‌ನವರ ಅಭ್ಯಾಸ. ಕಲಸಿದ್ದನ್ನು ಆಳದ ಮಗ್ಗಿನಲ್ಲಿ ಇಟ್ಟರೆ ತಾನೇ ಬಿಸಿಯಾಗಿ ಹೊಗೆ ಬರುತ್ತದೆ, ಅಗಲ ಟ್ರೇಗೆ ಸುರಿಯಿರಿ. ಸ್ಕ್ವೀಜಿಯಲ್ಲಿ (ರೆಸಿನ್ ಹರಡುವ ಪಟ್ಟಿ) ಎಳೆಯುವಾಗ ಬಟ್ಟೆ ಗಾಜಿನ ಹಾಗೆ ತಿಳಿಯಾಗಬೇಕು. ಬೆಳ್ಳಗೆ ಮಂಕಾಗಿ ಉಳಿದರೆ ರೆಸಿನ್ ಸಾಲಲಿಲ್ಲ, ಮೇಲೆ ತೇಲಿ ಹೊಳೆದರೆ ಜಾಸ್ತಿಯಾಗಿದೆ. ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಎಪಾಕ್ಸಿ ಅಲರ್ಜಿ ಒಮ್ಮೆ ಬಂದರೆ ಹೋಗುವುದು ಕಷ್ಟ. ಉಜ್ಜುವಾಗ ಎನ್95.

ಸುಮ್ನೆ_ಓದುವವ:
ಇಷ್ಟೆಲ್ಲ ಖರ್ಚು ಮಾಡುವ ಬದಲು ಗೋವಾದಲ್ಲಿ ಹಳೇ ಬೋರ್ಡ್ ಕೊಳ್ಳಬಹುದಲ್ವಾ?

ಉಪ್ಪುನೀರು:
ದುಡ್ಡಿನ ಲೆಕ್ಕಕ್ಕೆ ನಿಮ್ಮ ಮಾತೇ ಸರಿ, ಮೊದಲ ಬೋರ್ಡು ಯಾರಿಗೂ ಅಗ್ಗ ಬೀಳುವುದಿಲ್ಲ. ಆದರೆ ಅವರು ಕೇಳಿದ್ದು ಮಾಡುವುದು ಹೇಗೆ ಅಂತ. ಮುರಿದ ಬೋರ್ಡ್ ಒಂದು ಸಿಕ್ಕರೆ ತಂದು ಅದರ ಮೇಲೆ ಗ್ಲಾಸಿಂಗ್ ಕೈ ಪಳಗಿಸಿಕೊಳ್ಳಿ, ಅದು ಒಳ್ಳೆಯದು. ಅದರ ರೇಲ್, ಅಂದರೆ ಅಂಚು, ಮುಟ್ಟಿ ನೋಡಿದರೆ ವಿಡಿಯೋದಲ್ಲಿ ತಿಳಿಯದ್ದು ತಿಳಿಯುತ್ತದೆ.

ವಡಗಾವಿ_ಮಗ್ಗ:
ಸರಿ, ಗ್ಲಾಸಿಂಗ್ ದೀಪಾವಳಿ ಆಸುಪಾಸು. ಬಾಲದ ಕೆಳಗೆ ಮೂರು ಫಿನ್ (ಮೀನಿನ ರೆಕ್ಕೆಯಂಥವು) ಹಾಕುತ್ತೇನೆ. ಬಣ್ಣ ಕಪ್ಪು ಬಳಿದರೆ ಚೆನ್ನಾಗಿರುತ್ತದಾ?

ಫೌಂಡ್ರಿ_ಹುಡುಗ:
ಕಪ್ಪು ಬೇಡವೇ ಬೇಡ, ಬಿಳಿಯೇ ಇರಲಿ. ಬೀಚಿನ ಬಿಸಿಲಿಗೆ ಕಪ್ಪು ಬೋರ್ಡ್ ಕಾದು ಒಳಗಿನ ಗಾಳಿ ಹಿಗ್ಗಿ ಗ್ಲಾಸು ಫೋಮಿನಿಂದ ಬಿಟ್ಟುಕೊಳ್ಳುತ್ತದೆ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಘಾಟ್ ಹತ್ತಿ ವಾಪಸ್ ಬರುವಾಗಲೂ ಅದೇ ಗಾಳಿ ಹಿಗ್ಗುತ್ತದೆ. ಡೆಕ್ಕಿನಲ್ಲಿ, ಅಂದರೆ ಬೋರ್ಡಿನ ಮೇಲ್ಭಾಗದಲ್ಲಿ, ಗಾಳಿ ಹೊರಬಿಡುವ ಒಂದು ವೆಂಟ್ ಪ್ಲಗ್ ಕೂರಿಸಿ. ಸ್ಕ್ರೂ ಇರುವ ವೆಂಟ್ ಆದರೆ ಕಾರಿಗೆ ಏರಿಸುವಾಗ ಸಡಿಲ ಮಾಡಿ, ನೀರಿಗೆ ಇಳಿಯುವ ಮೊದಲು ಬಿಗಿ ಮಾಡಿ. ಮರೆತರೆ ಥರ್ಮಾಕೋಲ್ ನೀರು ಕುಡಿದು ಬೋರ್ಡು ಹೊರಲಾರದಷ್ಟು ಭಾರವಾಗುತ್ತದೆ.