ಅಲುಗಾಡದ ಆಯಿಲ್ ಫಿಲ್ಟರ್ ಬಿಚ್ಚಲು ಯಾವ ಸಾಧನ? ಕೊಂಡವು, ಕೈಯಾರೆ ಮಾಡಿಕೊಂಡವು

ಪ್ರಶ್ನೆ: ನನ್ನ ನಾಲ್ಕು ಸಿಲಿಂಡರಿನ ಬೈಕಿನಲ್ಲಿ ಆಯಿಲ್ ಫಿಲ್ಟರ್ ಎಂಜಿನ್ನಿನ ಮುಂಭಾಗದಲ್ಲಿ, ಎಕ್ಸಾಸ್ಟ್ ಪೈಪುಗಳ ಹಿಂದೆ ಇದೆ. ಹಿಂದಿನ ಸಲ ಬೇರೊಬ್ಬರು ಬಿಗಿದದ್ದು ಈಗ ಕೈಗೆ ಬಗ್ಗುತ್ತಿಲ್ಲ. ಬೆಲ್ಟ್ ವ್ರೆಂಚ್ ಹಾಕಲು ಜಾಗ ಸಾಲದು, ಹಾಕಿದರೂ ಜಾರುತ್ತದೆ. ಸರಿಯಾದ ಸಾಧನವನ್ನು ಆರಿಸುವುದು ಹೇಗೆ, ಅದು ಸಿಗದಿದ್ದರೆ ಇರುವುದರಲ್ಲೇ ಏನು ಮಾಡಿಕೊಳ್ಳಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಿಮ್ಮದು ಡಬ್ಬಿಯಂತೆ ತಿರುಗಿಸಿ ಕೂರಿಸುವ ಫಿಲ್ಟರ್ ಆದ್ದರಿಂದ, ಜಾಗದ ಕೊರತೆಗೆ ಕಪ್ ವ್ರೆಂಚ್‌ನಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ. ಅದು ಫಿಲ್ಟರಿನ ತುದಿಯ ಸುತ್ತಲೂ ಇರುವ ಚಪ್ಪಟೆ ಪಟ್ಟಿಗಳ ಮೇಲೆ ಟೋಪಿಯಂತೆ ಕೂರುತ್ತದೆ. ಪೈಪುಗಳ ನಡುವಿನಿಂದ ಒಂದು ಎಕ್ಸ್‌ಟೆನ್ಷನ್ ರಾಡ್ ತೂರಿಸಿ ರ‍್ಯಾಚೆಟ್‌ನಿಂದ ತಿರುಗಿಸಿದರೆ ಸಾಕು, ಫಿಲ್ಟರಿನ ಪಕ್ಕದಲ್ಲಿ ಕೈಯಾಡಲು ಜಾಗವೇ ಬೇಕಿಲ್ಲ. ಆದರೆ ಅಳತೆ ತಪ್ಪಿದರೆ ಅದರಿಂದ ಉಪಯೋಗವಿಲ್ಲ. ನಾನು ಮೊದಲ ಸಲ ಫಿಲ್ಟರಿನ ಮೈಗೆ ದಾರ ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿ, 68 ಮಿಲಿಮೀಟರಿನ ಕಪ್ ತಂದೆ. ಮೈಯ ಅಗಲ ಅಷ್ಟೇ ಇದ್ದರೂ ತುದಿಯಲ್ಲಿ ಎದುರುಬದುರಾದ ಎರಡು ಪಟ್ಟಿಗಳ ನಡುವಿನ ಅಂತರ 65 ಮಿಲಿಮೀಟರ್ ಮಾತ್ರ ಇತ್ತು. ಬಲ ಹಾಕಿದೊಡನೆ ಕಪ್ ಕಟಕಟನೆ ಜಾರಿ ಪಟ್ಟಿಗಳ ಅಂಚನ್ನು ಸವೆಸಿಬಿಟ್ಟಿತು. ಆದ್ದರಿಂದ ಹೊಸದಾಗಿ ಹಾಕಲಿರುವ ಫಿಲ್ಟರನ್ನು ಕೈಯಲ್ಲಿಟ್ಟುಕೊಂಡು, ಪಟ್ಟಿಯಿಂದ ಎದುರಿನ ಪಟ್ಟಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ, ಪಟ್ಟಿಗಳನ್ನು ಎಣಿಸಿರಿ. ಬೈಕುಗಳಲ್ಲಿ 14 ಪಟ್ಟಿಗಳವು ಹೆಚ್ಚಾಗಿ ಕಾಣುತ್ತವೆ. ಈಗ ಎಂಜಿನ್ ಮೇಲಿರುವ ಫಿಲ್ಟರ್ ಬೇರೆ ಕಂಪನಿಯದಾಗಿದ್ದರೆ ಅದರ ತುದಿಯ ಅಳತೆಯೂ ಬೇರೆ ಇರಬಹುದು, ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಆ ದಿನ ಬೇರೆ ಕಪ್ ಇಲ್ಲದಿದ್ದುದರಿಂದ, ದಪ್ಪ ಕಣದ ಎಮರಿ ಪೇಪರನ್ನು ಒರಟು ಮುಖ ಫಿಲ್ಟರಿನ ಕಡೆಗಿರುವಂತೆ ಎರಡು ಮಡಿಕೆಯಾಗಿ ಸುತ್ತಿ, ಅದರ ಮೇಲೆ ಕಪ್ಪನ್ನು ಮರದ ತುಂಡಿನಿಂದ ತಟ್ಟಿ ಕೂರಿಸಿದೆ. ಸಂದು ತುಂಬಿಕೊಂಡು ಹಿಡಿತ ಸಿಕ್ಕಿತು, ಫಿಲ್ಟರ್ ಸಡಿಲವಾಯಿತು. ಬೆಲ್ಟ್ ವ್ರೆಂಚ್ ಜಾರುವುದಕ್ಕೂ ಇದೇ ಉಪಾಯ ನಡೆಯುತ್ತದೆ. ಆದರೆ ಅದಕ್ಕೆ ಮೊದಲು ಫಿಲ್ಟರಿನ ಮೈಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್ ಅಥವಾ ಸಾಬೂನು ನೀರಿನಿಂದ ಪೂರ್ತಿ ತೆಗೆದು ಒಣಗಿಸಬೇಕು. ಎಷ್ಟೋ ಸಲ ಇಷ್ಟರಿಂದಲೇ, ರಬ್ಬರ್ ಕೈಗವಸು ತೊಟ್ಟ ಕೈಗೇ ಫಿಲ್ಟರ್ ಬಿಟ್ಟುಕೊಟ್ಟಿದೆ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗಿರುವಾಗಲೇ ಪ್ರಯತ್ನಿಸಿದರೆ ಫಿಲ್ಟರಿನ ಬುಡದ ರಬ್ಬರ್ ಬಳೆಯ, ಅಂದರೆ ಗ್ಯಾಸ್ಕೆಟ್ಟಿನ, ಅಂಟು ಸಡಿಲವಾಗುತ್ತದೆ, ಆದರೆ ಪೈಪುಗಳು ಚರ್ಮ ಸುಡುವಷ್ಟು ಕಾಯ್ದಿರುತ್ತವೆ ಎಂಬುದನ್ನು ಮರೆಯಬೇಡಿ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯವನ್ನು ಹಲವರು ಮೊದಲಿಗೇ ಹೇಳುತ್ತಾರೆ, ನಾನೂ ಒಮ್ಮೆ ಮಾಡಿದೆ. ತೆಳು ತಗಡು ಸ್ಕ್ರೂಡ್ರೈವರ್ ಹೋದ ದಿಕ್ಕಿಗೇ ಹರಿಯುತ್ತ ಹೋಯಿತು, ಮೈಯೆಲ್ಲ ಕಿತ್ತುಬಂದು ಬುಡದ ತಟ್ಟೆಯೊಂದೇ ಎಂಜಿನ್ನಿಗೆ ಅಂಟಿಕೊಂಡು ಉಳಿಯಿತು. ಅದರ ಅಂಚಿಗೆ ಉಳಿ ಹಿಡಿದು, ಎಡಕ್ಕೆ ತಿರುಗುವಂತೆ ಸ್ವಲ್ಪಸ್ವಲ್ಪವೇ ತಟ್ಟುತ್ತ ತೆಗೆಯಲು ಎರಡು ಗಂಟೆ ಹಿಡಿಯಿತು. ಬುಡಕ್ಕೆ ತೀರ ಹತ್ತಿರ ಚುಚ್ಚಿದರೆ ಒಳಗಿನ ಥ್ರೆಡ್ಡಿರುವ ಕೊಳವೆಗೇ ಪೆಟ್ಟು ಬೀಳುವ ಅಪಾಯವೂ ಇದೆ. ಬೇರೆಲ್ಲ ಸೋತಮೇಲೆ ಮಾತ್ರ ಇದಕ್ಕೆ ಕೈಹಾಕಿ.

ಎರಡನೆಯ ಉತ್ತರ: ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಪಟ್ಟಿಗಳ ಅಂಚು ಆಗಲೇ ಸವೆದು ಕಪ್ ಹಿಡಿಯದಂತಾಗಿದ್ದರೆ, ಅಗಲವಾದ ಹೋಸ್ ಕ್ಲಿಪ್ ಒಂದನ್ನು ಫಿಲ್ಟರಿನ ಮೈಗೆ ಸುತ್ತಿ ಗಟ್ಟಿಯಾಗಿ ಬಿಗಿಯಿರಿ. ಕ್ಲಿಪ್ಪಿನ ಸ್ಕ್ರೂ ಕೂರುವ ಗಂಟು ಹೊರಗೆ ಚಾಚಿಕೊಂಡಿರುತ್ತದೆಯಲ್ಲ, ಅದಕ್ಕೆ ಮರದ ತುಂಡು ಇಟ್ಟು ಸಡಿಲವಾಗುವ ದಿಕ್ಕಿಗೆ ಸುತ್ತಿಗೆಯಿಂದ ತಟ್ಟಿದರೆ, ಎಷ್ಟು ಎಳೆದರೂ ಅಲುಗದ ಫಿಲ್ಟರ್ ಆ ಸಣ್ಣ ಪೆಟ್ಟುಗಳಿಗೆ ಕದಲುತ್ತದೆ. ಮೂರು ಉಗುರುಗಳ ವ್ರೆಂಚ್ ಕೂಡ ಒಳ್ಳೆಯದೇ, ತಿರುಗಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಆದರೆ ಅದು ತಗಡನ್ನು ನಜ್ಜುಗುಜ್ಜು ಮಾಡುವುದರಿಂದ ಬಿಚ್ಚುವುದಕ್ಕಷ್ಟೇ ಬಳಸಬೇಕು. ಹಾರ್ಲೆ ಡೇವಿಡ್ಸನ್ ಟ್ವಿನ್ ಕ್ಯಾಮ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ (ಎಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಸಾಧನ) ಫಿಲ್ಟರಿನ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಇಂಥ ಅಗಲವಾದ ಸಾಧನಗಳನ್ನು ತೂರಿಸಬಾರದು.

ಮುಂದಿನ ಸಲಕ್ಕೆ, ತುದಿಯಲ್ಲಿ 17 ಮಿಲಿಮೀಟರಿನ ನಟ್ ಇರುವ ಫಿಲ್ಟರುಗಳು ಸಿಗುತ್ತವೆ, ಸಾಮಾನ್ಯ ಸಾಕೆಟ್ಟಿನಿಂದಲೇ ಬಿಚ್ಚಬಹುದು. ಆ ನಟ್ ಇರುವುದು ಬಿಚ್ಚುವುದಕ್ಕೆ. ಅದನ್ನು ಹಿಡಿದು ಬಿಗಿದರೆ ತಗಡಿಗೆ ಬೆಸೆದ ಜಾಗ ಸೀಳಬಹುದು. ನಿಜಕ್ಕೂ ಈ ತೊಂದರೆಯೆಲ್ಲ ಬಿಗಿಯುವಾಗಲೇ ಹುಟ್ಟುತ್ತದೆ. ಒಣ ಗ್ಯಾಸ್ಕೆಟ್ಟಿಗೆ ಹೊಸ ಎಣ್ಣೆ ಸವರದೆ, ವ್ರೆಂಚಿನಿಂದ ಮನಸ್ಸಿಗೆ ಬಂದಷ್ಟು ಬಿಗಿದರೆ ಅದು ಶಾಖಕ್ಕೆ ಅಂಟಿಕೊಂಡು ಹೀಗಾಗುತ್ತದೆ. ಹೋಂಡಾದ ಇಂಥ ಹಲವು ಎಂಜಿನ್ನುಗಳಿಗೆ ಕೈಪಿಡಿ ಹೇಳುವ ಬಿಗಿತ 26 ನ್ಯೂಟನ್ ಮೀಟರ್, ಯಮಾಹಾದಲ್ಲಿ 17. ಸುಜುಕಿ ತನ್ನ ಹಲವು ಬೈಕುಗಳಿಗೆ, ಗ್ಯಾಸ್ಕೆಟ್ ತಾಗಿದ ಮೇಲೆ ಎರಡು ಸುತ್ತು ಎನ್ನುತ್ತದೆ. ನಿಮ್ಮ ಬೈಕಿನ ಕೈಪಿಡಿ ನೋಡಿ. ಕಪ್ ವ್ರೆಂಚ್ ಇದ್ದರೆ ಅದಕ್ಕೇ ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚ್ ಜೋಡಿಸಬಹುದು ಎಂಬುದೂ ಅದನ್ನು ಕೊಳ್ಳಲು ಒಂದು ಕಾರಣ.

ಮೂರನೆಯ ಉತ್ತರ: ಇದನ್ನು ಓದುವ ಬೇರೆಯವರಿಗೂ ಉಪಯೋಗವಾಗಲೆಂದು ಹಳೆಯ ಬೈಕುಗಳ ವಿಷಯ ಸೇರಿಸುತ್ತೇನೆ. ಹೋಂಡಾ ಸಿ 70, ಸಿ 90ರಂಥ ಎಂಜಿನ್ನುಗಳಲ್ಲಿ ಕಾಗದದ ಫಿಲ್ಟರ್ ಇಲ್ಲ, ತಿರುಗುವ ವೇಗಕ್ಕೆ ಕೊಳೆ ಹೊರಅಂಚಿಗೆ ಸಿಡಿದು ಅಂಟಿಕೊಳ್ಳುವ ಬಟ್ಟಲಿದೆ. ಮುಚ್ಚಳದ ಸ್ಕ್ರೂಗಳು ಜಪಾನಿ ಅಚ್ಚಿನವಾದ್ದರಿಂದ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಮೇಲಕ್ಕೆದ್ದು ತಲೆಯನ್ನು ಕೆಡಿಸುತ್ತದೆ. ಜಪಾನಿ ಮಾನದಂಡದ (ಜೆಐಎಸ್) ಬಿಟ್ ಹಾಕಿದ, ಪೆಟ್ಟು ಬಿದ್ದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರಿಗೆ ಸುತ್ತಿಗೆಯಿಂದ ಹೊಡೆದರೆ ಸಲೀಸಾಗಿ ಬರುತ್ತವೆ. ಕೊಳೆ ತೆಗೆಯುವುದಕ್ಕೆ ಇಷ್ಟು ಸಾಕು. ಬಟ್ಟಲನ್ನೇ ಹೊರತೆಗೆಯಬೇಕಾದರೆ ನಾಲ್ಕು ಕಚ್ಚುಗಳಿರುವ ಲಾಕ್ ನಟ್ ಎದುರಾಗುತ್ತದೆ, ಅದಕ್ಕೆ 20x24 ಮಿಲಿಮೀಟರಿನ ವಿಶೇಷ ವ್ರೆಂಚ್ ಬೇಕು. ನಾನು ಅದನ್ನು ಹಳೆಯ ಸಾಕೆಟ್ಟಿನಿಂದ ಮಾಡಿಕೊಂಡೆ. ಸಾಕೆಟ್ಟಿನ ಬಾಯಿಯನ್ನು ನಟ್ಟಿನ ಮೇಲಿಟ್ಟು ಕಚ್ಚುಗಳ ಜಾಗವನ್ನು ಮಾರ್ಕರಿನಿಂದ ಗುರುತಿಸಿ, ನಡುವಿನ ಭಾಗವನ್ನು ಗ್ರೈಂಡರಿನಲ್ಲಿ ಕೊರೆದು, ಉಳಿದ ನಾಲ್ಕು ಹಲ್ಲುಗಳ ಪಕ್ಕವನ್ನು ಅರದಿಂದ ನೇರವಾಗಿ ಉಜ್ಜಿದೆ. ಪಕ್ಕಗಳು ಓರೆಯಾದರೆ ಹಲ್ಲು ಕಚ್ಚಿನಿಂದ ಮೇಲಕ್ಕೆ ಹತ್ತಿ ಜಾರುತ್ತದೆ, ಆದ್ದರಿಂದ ಅರದ ಕೆಲಸದಲ್ಲಿ ಅವಸರ ಬೇಡ. ನಟ್ ತಿರುಗದಂತೆ ಮಡಿಸಿದ ಲಾಕ್ ವಾಷರನ್ನು ಮೊದಲು ಬಿಡಿಸಿಕೊಳ್ಳಿ.

ಮುಚ್ಚಳದೊಳಗೆ ಕಾಗದದ ಫಿಲ್ಟರ್ ಕೂರುವ ಬೈಕುಗಳಿಗೆ ವಿಶೇಷ ಸಾಧನವೇನೂ ಬೇಡ, ಹೆಚ್ಚಾಗಿ 8 ಮಿಲಿಮೀಟರಿನ ಟಿ ಸ್ಪ್ಯಾನರ್ ಸಾಕು. ಆದರೆ ಒಂದೇ ಕಡೆ ರಂಧ್ರವಿರುವ ಫಿಲ್ಟರನ್ನು ತಿರುಗಾಮುರುಗಾ ಹಾಕಿದರೆ ಎಂಜಿನ್ನಿಗೆ ಎಣ್ಣೆ ತಲುಪದೆ ಹೋಗಬಹುದು. ಬಿಚ್ಚುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ.

ಕೇಳಿದವರ ಮರುನುಡಿ: ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಟ್ಟಿಯಿಂದ ಪಟ್ಟಿಗೆ ಅಳೆದು 65 ಮಿಲಿಮೀಟರಿನ ಕಪ್ ತಂದೆ, ಎಣ್ಣೆ ಒರೆಸಿ ಒಂದು ಮಡಿಕೆ ಎಮರಿ ಪೇಪರ್ ಹಾಕಿ ಕೂರಿಸಿದೆ, ರ‍್ಯಾಚೆಟ್‌ನ ಮೂರನೆಯ ಎಳೆತಕ್ಕೆ ಫಿಲ್ಟರ್ ಬಿಟ್ಟಿತು. ಕೈಗೆ ಬಂದ ಫಿಲ್ಟರಿನಲ್ಲಿ ಗ್ಯಾಸ್ಕೆಟ್ ಇರಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಅದು ಕಪ್ಪು ಬಳೆಯಂತೆ ಎಂಜಿನ್ನಿನ ಮುಖಕ್ಕೇ ಅಂಟಿಕೊಂಡಿತ್ತು. ಅದರ ಮೇಲೆಯೇ ಹೊಸದನ್ನು ಹಾಕಿದ್ದರೆ ಎಣ್ಣೆಯೆಲ್ಲ ಸೋರುತ್ತಿತ್ತು. ಉಗುರಿನಿಂದ ಸುತ್ತಲೂ ಎಬ್ಬಿಸಿ ತೆಗೆದು, ಮುಖವನ್ನು ಬಟ್ಟೆಯಿಂದ ಒರೆಸಿ, ಹೊಸ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರಿ ಕೈಪಿಡಿ ಹೇಳಿದಷ್ಟೇ ಬಿಗಿದಿದ್ದೇನೆ. ಹತ್ತು ನಿಮಿಷ ಎಂಜಿನ್ ಓಡಿಸಿ ನೋಡಿದಾಗ ಒಂದು ಹನಿಯೂ ಸೋರಿಲ್ಲ.